ಎರಡು ಚುನಾವಣೆಗಳೂ ಮತದಾರನ ವಿವೇಕವೂ

ಪ್ರಜೆಗಳು ತಮ್ಮನ್ನಾಳುವವರನ್ನು ತಾವೇ ಆರಿಸಿಕೊಳ್ಳುವ ಪದ್ಧತಿಯು ನಮ್ಮ ನಾಡಿಗೆ ಒಂದೇ ದಿನದಲ್ಲಿ ಬಂದುದಲ್ಲ. ಮೈಸೂರು ಸಂಸ್ಥಾನದಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ನೆಯ ಇಸವಿಯಲ್ಲಿಯೇ, ಪ್ರಜಾಪ್ರತಿನಿಧಿ ಸಭೆಯು ಸ್ಥಾಪಿತವಾಯಿತು. ಆದರೆ ಆಗ ಅಲ್ಲಿ ಭೂಮಾಲಿಕರಿಗೂ ವರ್ತಕರಿಗೂ ಪ್ರಾಧಾನ್ಯವಿದ್ದಿತೇ ಹೊರತು ಬಡ ಕೂಲಿಕಾರನ ಮಾತಿಗೆ ಎಡೆಯಿರಲಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನವು 21 ವರ್ಷ ತುಂಬಿದ ಸಕಲ ಸ್ತ್ರೀಪುರುಷರಿಗೂ ಮತಾಧಿಕಾರವನ್ನು ಕೊಟ್ಟಿತು. ಈ ವಯೋಮಿತಿಯು 1989ರಿಂದ 18 ವರ್ಷಕ್ಕೆ ಇಳಿದಿರುವುದು.

1951-52ರಲ್ಲಿ ನಡೆದ ಪ್ರಥಮ ಮಹಾಚುನಾವಣೆಯಲ್ಲಿ ಲೋಕಸಭೆಗೂ ರಾಜ್ಯಗಳ ವಿಧಾನಸಭೆಗಳಿಗೂ ಒಟ್ಟಿಗೇ ಮತದಾನವಾಯಿತು. ಅಕ್ಷರವರಿಯದವರ ಅನುಕೂಲಕ್ಕಾಗಿ ಪ್ರತಿ ಅಭ್ಯರ್ಥಿಗೂ ಚಿಹ್ನೆಯುಳ್ಳ ಪ್ರತ್ಯೇಕ ಪೆಟ್ಟಿಗೆಯನ್ನಿರಿಸಲಾಗಿತ್ತು. 1967ರವರೆಗೆ ನಮ್ಮಲ್ಲಿ ಈ ಜೋಡಿ ಕ್ರಮವೇ ನಡೆಯಿತು. ಅನಂತರ ಲೋಕಸಭೆಯು ಅವಧಿಗೆ ಮುನ್ನವೇ ವಿಸರ್ಜಿತವಾಗಿ 1971ರಲ್ಲಿ ಅದರ ಚುನಾವಣೆ ನಡೆಯಲು, ಎರಡು ದಾರಿಗಳು ಬೇರೆಯಾದವು.

ಈ ಬೇರ್ಪಡೆಯಿಂದ ಮತದಾರನ ಮನಸ್ಸು ತಿಳಿಯುವುದಕ್ಕೆ ಅವಕಾಶವಾಯಿತು. 1983ರಲ್ಲಿ ಶ್ರೀ ರಾಮಕೃಷ್ಣ ಹೆಗಡೆಯವರು ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಗಳಾದರು. 1984ರ ಅಕ್ಟೋಬರಿನಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರ ಹತ್ಯೆಯಾಗಲು, ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳ ಪೈಕಿ 24 ಕಾಂಗ್ರೆಸ್ಸಿಗೆ ಸಂದವು. ಜನತಾ ಪಕ್ಷಕ್ಕೆ ದೊರೆತವು ನಾಲ್ಕೇ. ಹೆಗಡೆಯವರು ಜನರ ತೀರ್ಪನ್ನು ಮತ್ತೆ ಬೇಡಿದರು. 1985ರ ಮಾರ್ಚಿನಲ್ಲಿ ಅದೇ ಜನರು ಅವರ ಪಕ್ಷಕ್ಕೆ ವಿಧಾನಸಭೆಯ 224ರಲ್ಲಿ 139 ಸ್ಥಾನಗಳನ್ನಿತ್ತರು. 2013ರಲ್ಲಿಯೂ 2023ರಲ್ಲಿಯೂ ವಿಧಾನಸಭೆಯಲ್ಲಿ ಕಾಂಗ್ರೆಸ್ಸಿಗೆ ಬಹುಮತವಿತ್ತ ನಾಡು, 2014ರಲ್ಲಿಯೂ 2024ರಲ್ಲಿಯೂ ಲೋಕಸಭೆಗೆ ಭಾರತೀಯ ಜನತಾ ಪಕ್ಷದ ಹದಿನೇಳು ಹದಿನೇಳು ಸದಸ್ಯರನ್ನು ಕಳುಹಿಸಿತು. ಯಾವಾಗಲೂ ಹೀಗೆಯೇ ಆಯಿತೆಂದಲ್ಲ. 1989ರಲ್ಲಿ ಎರಡೂ ಚುನಾವಣೆಗಳು ಜೊತೆಯಾಗಿ ನಡೆದಾಗ ಎರಡರಲ್ಲಿಯೂ ಕಾಂಗ್ರೆಸ್ಸೇ ಜಯಶಾಲಿಯಾಯಿತು.

ಹೀಗೆ ಬದಲಾಗುವುದನ್ನು ಕೆಲವರು ಚಾಂಚಲ್ಯವೆನ್ನುವರು. ನಮಗೆ ಹಾಗೆ ತೋರದು. ದೇಶರಕ್ಷಣೆ, ಪರರಾಷ್ಟ್ರ ವ್ಯವಹಾರ, ರೈಲುಮಾರ್ಗ ಮೊದಲಾದವು ಕೇಂದ್ರದ ಹೊಣೆ. ಪೊಲೀಸು, ವ್ಯವಸಾಯ, ಭೂಕಂದಾಯ, ಊರಿನ ಆಸ್ಪತ್ರೆ ಮೊದಲಾದವು ರಾಜ್ಯದ ಹೊಣೆ. ಕೆಲಸಗಳು ಎರಡಾದ ಮೇಲೆ ಆಳುಗಳನ್ನು ಬೇರೆ ಬೇರೆಯಾಗಿ ಪರೀಕ್ಷಿಸಿ ನೇಮಿಸುವ ಯಜಮಾನನನ್ನು ಯಾರು ತಾನೇ ಚಂಚಲನೆಂದಾರು? ಅನುಕಂಪದ ಹೊನಲೂ ನಾಯಕರ ವರ್ಚಸ್ಸೂ ಫಲವನ್ನು ತಿರುಗಿಸುವುದುಂಟು, ನಿಜ. ಆದರೂ ಓದುಬರಹವಿಲ್ಲದವನಿಗೆ ಮತವೇಕೆಂದು ಅಂದು ಶಂಕಿಸಿದವರಿಗೆ 1985ರ ಫಲಿತಾಂಶವು ತಕ್ಕ ಉತ್ತರವಾಗಿರುವುದು.

ಆದುದರಿಂದ ಭಕ್ತಮಹಾಶಯರು ಮತಗಟ್ಟೆಯನ್ನು ಹೊಗುವ ಮುನ್ನ, ಈ ಮತವು ಯಾವ ಸಭೆಗೆ, ಆ ಸಭೆಯ ಕೆಲಸವೇನು, ಈ ಅಭ್ಯರ್ಥಿಯು ಅದಕ್ಕೆ ತಕ್ಕವನೇ ಎಂದು ತಮ್ಮನ್ನು ತಾವೇ ಕೇಳಿಕೊಳ್ಳತಕ್ಕದ್ದು. ಹಣಕ್ಕೂ ಜಾತಿಯ ಮಮತೆಗೂ ಮತವನ್ನು ಒಪ್ಪಿಸಿದವನು, ಹಿರಿಯರು ಬಹುಕಾಲ ಪಡೆಯದಿದ್ದ ಅಧಿಕಾರವನ್ನು ತನ್ನ ಕೈಯಿಂದಲೇ ಕಳೆದುಕೊಂಡಂತಾಗುವುದು.