ಕೆದರು

ಕಾಲು ಕೆದರಿ ಜಗಳಕ್ಕೆ ಬಂದನೆಂಬ ದೂರು ಕೇಳಿಬರದ ಊರು ಕೊಪ್ಪಳದ ಸೀಮೆಯಲ್ಲಿ ಇರಲಾರದು. ಗೂಳಿಯು ಮುಂಗಾಲಿನಿಂದ ಮಣ್ಣನ್ನು ಹಿಂದಕ್ಕೆಸೆದು ಹೂಂಕರಿಸುವುದನ್ನು ಕಂಡವರಾರೋ ಈ ನುಡಿಗಟ್ಟನ್ನು ಕಟ್ಟಿರಬೇಕೆಂದು ನನ್ನ ಊಹೆ. ಹಗಲೆಲ್ಲ ಕಾಲು ಕೆದರುವುದನ್ನೇ ಕುಲವೃತ್ತಿಯಾಗಿ ಉಳ್ಳ ಕೋಳಿಯನ್ನು ನೋಡಿ ಕಟ್ಟಿದ್ದಾದರೆ ಅದಕ್ಕೆ ತದ್ವಿರುದ್ಧವಾದ ಅರ್ಥವನ್ನೇ ಕೊಡಬೇಕಾಗುತ್ತಿತ್ತು.

ಧಾತುವೇನೋ ಪ್ರಾಚೀನವಾದುದು. ಹಳಗನ್ನಡದಲ್ಲಿ ಅದು ಶಕಟರೇಫದೊಡನೆ ‘ಕೆದಱು’ ಆಗಿತ್ತು. ತಮಿಳಿನ ‘ಸಿದಱು’, ತೆಲುಗಿನ ‘ಚೆದರು’ ಅದರ ದಾಯಾದಿಗಳು. ಕಿವಿಯೆಂಬ ಶಬ್ದದಲ್ಲಿ ಹೇಗೋ ಹಾಗೆ ಇಲ್ಲಿಯೂ ನೆರೆಯವರು ಕೈಬಿಟ್ಟ ಆದಿಯ ಕಕಾರವನ್ನು ಕನ್ನಡವು ಉಳಿಸಿಕೊಂಡಿದೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರನ್ನು ನೆಚ್ಚಿ ಆಂಧ್ರದ ಕರಾವಳಿಯಿಂದ ಬಂದು ಗಂಗಾವತಿಯ ಸುತ್ತ ನೆಲೆಸಿದವರ ಕ್ಯಾಂಪುಗಳಲ್ಲಿ ಕನ್ನಡ, ತೆಲುಗುಗಳ ಎರಡು ರೂಪಗಳೂ ಒಂದೇ ಅಂಗಳದಲ್ಲಿ ಕಿವಿಗೆ ಬೀಳಬಹುದು. ಬಾಚದ ತಲೆ ಕೆದರುತ್ತದೆ. ಗರಿಯೊಡನೆ ಕೂಡಿದಾಗ ಕಕಾರವು ಗಕಾರವಾಗಿ ‘ಗರಿಗೆದರು’ ಎಂದಾಗುತ್ತದೆ. ಮುಂಗಾರು ಬಿದ್ದೊಡನೆ ಯಲಬುರ್ಗಾದ ಎರೆಹೊಲದ ರೈತನ ಆಸೆಯೂ, ಚುನಾವಣೆ ಸಮೀಪಿಸಿದೊಡನೆ ಜಿಲ್ಲೆಯ ರಾಜಕೀಯವೂ ಪತ್ರಿಕೆಗಳಲ್ಲಿ ಗರಿಗೆದರುವುದು ವಾಡಿಕೆ. ನವಿಲಿಗೆ ಸಲ್ಲತಕ್ಕ ಶೋಭೆಯನ್ನು ರಾಜಕಾರಣಕ್ಕೆ ತೊಡಿಸುವುದು ನನಗೆ ಅಷ್ಟಾಗಿ ರುಚಿಸದು.

ಇನ್ನು ಮೊದಲು ಹೇಳಿದ ಕೋಳಿಯ ಮಾತು. ಜವಾರಿ ಹ್ಯಾಟೆಯೊಂದು ತಿಪ್ಪೆಯ ಮೇಲೆ ನಿಂತು, ಬಲಗಾಲಿನಿಂದೊಮ್ಮೆ ಎಡಗಾಲಿನಿಂದೊಮ್ಮೆ ಕಸವನ್ನು ಹಿಂದಕ್ಕೆ ಸರಿಸಿ, ಒಂದು ಹೆಜ್ಜೆ ಹಿಂದೆಗೆದು, ತಲೆಯನ್ನು ಓರೆ ಮಾಡಿ ನೋಡಿ, ಕಂಡುದನ್ನು ಕುಕ್ಕುತ್ತದೆ. ಕೆದರಿ ಕುಕ್ಕುವ ಈ ಸರಣಿಯು ಹುಟ್ಟುಗುಣ. ಹೊಟ್ಟೆ ತುಂಬಿದ ಮಾತ್ರಕ್ಕೆ ನಿಲ್ಲತಕ್ಕುದಲ್ಲ. ಸಿಮೆಂಟಿನ ನೆಲದ ಮೇಲೆ, ತಗಡಿನ ಮಾಡಿನ ಕೆಳಗೆ, ಜಾಲರಿಯೊಳಗೆ ಕೋಳಿಗಳನ್ನು ಒತ್ತೊತ್ತಾಗಿ ಕೂಡಿದಾಗ ಕಾಲಿಗೆ ಕೆಲಸ ತಪ್ಪುತ್ತದೆಯೇ ಹೊರತು ಕೊಕ್ಕಿನ ಚಪಲ ತಪ್ಪುವುದಿಲ್ಲವಾದುದರಿಂದ, ನೆಲದಲ್ಲಿ ಹುಡುಕಬೇಕಾದುದನ್ನು ಅವು ಪಕ್ಕದ ಕೋಳಿಯ ಬೆನ್ನಿನಲ್ಲಿ ಹುಡುಕತೊಡಗುತ್ತವೆ. ಹಿಂದಿನಿಂದ ಸದ್ದಿಲ್ಲದೆ ಬಂದು, ಬಾಲದ ಬುಡದ ಗರಿಯೊಂದನ್ನು ಕಿತ್ತು, ಎಷ್ಟೋ ಸಲ ಅದನ್ನು ನುಂಗಿಯೂ ಬಿಡುತ್ತವೆ. ಎಳೆಯ ಗರಿಯ ಬುಡದಲ್ಲಿ ರಕ್ತವಿರುವುದರಿಂದ ಹನಿಯೊಂದು ತೋರಿತೆಂದರೆ ಉಳಿದವೂ ಬಂದು ಮುತ್ತುತ್ತವೆ. ಮನೆಯವರು ಇದನ್ನು ಜಗಳವೆನ್ನುತ್ತಾರೆ. ಕೋಳಿಯ ನಡವಳಿಕೆಯನ್ನು ಬಲ್ಲ ವಿದ್ವಾಂಸರಾದರೋ ದಾರಿತಪ್ಪಿದ ಮೇವಿನ ಹುಡುಕಾಟವೆನ್ನುತ್ತಾರೆ.

ಗಂಗಾವತಿಯ ಗಿರಣಿಗಳ ಭತ್ತದ ಹೊಟ್ಟನ್ನು ನೆಲಕ್ಕೆ ದಪ್ಪವಾಗಿ ಹಾಸಿ, ಹಿಡಿ ಸಜ್ಜೆಯನ್ನೋ ನುಚ್ಚನ್ನೋ ಅದರೊಳಗೆ ಎರಚಿ, ಮೂಲೆಯಲ್ಲಿ ಹೊರಳಾಡಲು ಬೂದಿಮಣ್ಣಿನ ಗುಂಡಿಯನ್ನಿತ್ತು, ಸೊಪ್ಪಿನ ಕಟ್ಟೊಂದನ್ನು ಕೊಕ್ಕಿಗೆ ನಿಲುಕುವಂತೆ ತೂಗುಬಿಟ್ಟರೆ ಕಾಲಿಗೂ ಕೊಕ್ಕಿಗೂ ದಿನದ ಉದ್ಯೋಗ ದೊರೆಯುತ್ತದೆ. ಆಹಾರವನ್ನೂ ನೋಡಬೇಕು. ಕುಷ್ಟಗಿಯ ಕಡೆ ಸುಲಭವಾಗಿ ಸಿಗುವ ಶೇಂಗಾ ಹಿಂಡಿಯಲ್ಲಿ, ಗರಿ ಬೆಳೆಯಲು ಅವಶ್ಯವಾದ ಗಂಧಕಯುಕ್ತ ಮೆಥಿಯೊನಿನ್ ಕಡಮೆ; ಎಳ್ಳು, ಸೂರ್ಯಕಾಂತಿಗಳ ಹಿಂಡಿಯಲ್ಲಿ ಹೆಚ್ಚು. ಎರಡನ್ನೂ ಬೆರೆಸುವುದು ಲೇಸು. ಹೇನು, ಉಣ್ಣೆಗಳೂ ಈ ಪೀಡೆಗೆ ಕಾರಣವಾಗುವುದುಂಟು. ಗಾಯಗೊಂಡುದನ್ನು ಮಾತ್ರ, ಗಾಯ ಮಾಯುವವರೆಗೆ, ಬೇರೆ ಬುಟ್ಟಿಯಲ್ಲಿ ಇಡತಕ್ಕದ್ದು.

ನಿಜವಾದ ಕದನದ ಲಕ್ಷಣವೇ ಬೇರೆ. ಅಲ್ಲಿ ಎರಡು ಕೋಳಿಗಳು ಎದುರುಬದುರಾಗಿ ನಿಂತು, ಕೊರಳ ಸುತ್ತಣ ಗರಿಗಳನ್ನು ಕೆದರಿ, ಪರಸ್ಪರ ತಲೆಗೆ, ಜುಟ್ಟಿಗೆ ಗುರಿಯಿಡುತ್ತವೆ. ಬೆನ್ನಿನ ಗರಿಯ ಗೊಡವೆ ಅವಕ್ಕಿಲ್ಲ. ಬಾಲ್ಯದಿಂದಲೇ ಕೋಳಿಗಳನ್ನು ಗಮನಿಸುತ್ತ ಬೆಳೆದ ನಾರ್ವೆಯ ತೋರ್ಲೀಫ್ ಷೆಲ್ಡೆರುಪ್-ಎಬ್ಬೆ 1922ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಹಿಂಡಿನೊಳಗೆ ಯಾವುದು ಯಾವುದನ್ನು ಕುಕ್ಕಬಹುದೆಂಬುದಕ್ಕೆ ಒಂದು ಶ್ರೇಣಿಯುಂಟೆಂದು ತೋರಿಸಿದನು. ಸಂತೆಯಿಂದ ಹೊಸ ಹ್ಯಾಟೆಯೊಂದನ್ನು ತಂದು ನಡುಹಗಲಲ್ಲಿ ಹಿಂಡಿನೊಳಗೆ ಬಿಟ್ಟರೆ ಆ ಶ್ರೇಣಿಯೆಲ್ಲ ಕದಡಿಹೋಗುತ್ತದೆ. ಕೆಲವು ದಿನ ಜಾಲರಿಯ ಆಚೆಯಿಂದ ಪರಿಚಯವಾಗಲು ಬಿಟ್ಟು, ಅನಂತರ ಕತ್ತಲಾದ ಮೇಲೆ ಉಳಿದವುಗಳ ಪಕ್ಕದಲ್ಲಿ ಅಡ್ಡಗೋಲಿನ ಮೇಲೆ ಕೂರಿಸುವುದು, ಕಾಳಿನ ತಟ್ಟೆಗಳನ್ನು ದೂರ ದೂರ ಇಡುವುದು ಬಲ್ಲವರ ಪದ್ಧತಿ. ಅಷ್ಟಾದ ಮೇಲೂ ಕೊರಳ ಗರಿ ಕೆದರಿದರೆ, ರಕ್ತ ಕಾಣದವರೆಗೆ ನಡುವೆ ಹೋಗಬಾರದು; ಬಿಡಿಸಿದ ಜಗಳವನ್ನು ಅವು ಮರುದಿನ ಮೊದಲಿನಿಂದ ಆಡುತ್ತವೆ.