ಬೀಡಿ ಕಾರ್ಮಿಕರ ಹಕ್ಕು: ಕಾನೂನು ಬಂತು, ಕಂಪನಿ ಹೋಯ್ತು, ಆಮೇಲೆ?

ಮಂಜೇಶ್ವರದಿಂದ ಮಂಗಳೂರಿನವರೆಗೆ ಎಷ್ಟೋ ಬ್ಯಾರಿ ಮನೆಗಳಲ್ಲಿ ಮಕ್ಕಳ ಶಾಲೆ ಫೀಸು, ಪೆರ್ನಾಲ್ ಬಟ್ಟೆ, ಮಗಳ ಮದುವೆಗೆ ಕೂಡಿಟ್ಟ ಚಿನ್ನ ಎಲ್ಲವೂ ಬಂದದ್ದು ಉಮ್ಮನ ಮಡಿಲಲ್ಲಿದ್ದ ಬೀಡಿ ಮೊರದಿಂದ. ನಾನು ಬಿ.ಕಾಂ. ಮುಗಿಸಿದ್ದೂ ಅದೇ ದುಡ್ಡಿನಲ್ಲಿ. ಆದರೆ ಬೀಡಿ ಕಟ್ಟುವವರಿಗೆ ಸಿಕ್ಕ ಹಕ್ಕುಗಳ ಹಿಂದೆ ಎಷ್ಟು ದೊಡ್ಡ ಹೋರಾಟ ಇತ್ತು ಅಂತ ನಮ್ಮ ಹುಡುಗರಿಗೆ ಗೊತ್ತಿರುವುದು ಕಡಿಮೆ.

ಕಣ್ಣೂರು ಸೀಮೆಯ ಬೀಡಿ ಕಾರ್ಮಿಕರು 1930ರ ದಶಕದಲ್ಲೇ ಸಂಘ ಕಟ್ಟಿದ್ದರು. ಬೀಡಿ ಶೆಡ್ಡುಗಳಲ್ಲಿ ಒಬ್ಬ ಪತ್ರಿಕೆ ಓದಿ ಹೇಳುತ್ತಿದ್ದ, ಉಳಿದವರು ಕೈಕೆಲಸ ನಿಲ್ಲಿಸದೆ ಕೇಳುತ್ತಿದ್ದರು. ಓದುವವನ ಪಾಲಿನ ಬೀಡಿಯನ್ನು ಎಲ್ಲರೂ ಸೇರಿ ಕಟ್ಟಿಕೊಡುತ್ತಿದ್ದರು. ಶಾಲೆ ಮೆಟ್ಟಿಲು ಹತ್ತದವರಿಗೂ ದೇಶದ ಸುದ್ದಿ, ಕಾನೂನಿನ ವಿಷಯ ಗೊತ್ತಾದದ್ದು ಹೀಗೆ.

1966ರಲ್ಲಿ ಸಂಸತ್ತು ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮಾಡಿತು. ಕೆಲಸದ ಸಮಯ, ವಾರದ ರಜೆ, ಹೆರಿಗೆ ಸೌಲಭ್ಯ ಇವೆಲ್ಲ ಅದರಲ್ಲಿ ಬಂತು. ಮುಖ್ಯ ಮಾತು ಏನೆಂದರೆ, ಕಂಟ್ರಾಕ್ಟರನಿಂದ ಎಲೆ, ತಂಬಾಕು ತಂದು ಮನೆಯಲ್ಲೇ ಬೀಡಿ ಕಟ್ಟುವವರನ್ನೂ ಕಾರ್ಮಿಕರು ಅಂತ ಕಾಯ್ದೆ ಒಪ್ಪಿತು.

ಕೇರಳದಲ್ಲಿ ಆಗ ಇ.ಎಂ.ಎಸ್. ನಂಬೂದಿರಿಪಾಡ್ ಸರ್ಕಾರ. 1968ರಲ್ಲಿ ಕಾಯ್ದೆ ಜಾರಿಗೆ ಹೊರಟಾಗ ಮಂಗಳೂರು ಮೂಲದ ದೊಡ್ಡ ಕಂಪನಿಗಳು ಕಣ್ಣೂರು ಜಿಲ್ಲೆಯ ಕೆಲಸವನ್ನೇ ನಿಲ್ಲಿಸಿಬಿಟ್ಟವು. ನಮ್ಮ ಕಾಸರಗೋಡೂ ಆಗ ಅದೇ ಜಿಲ್ಲೆಯಲ್ಲಿತ್ತು. ಸುಮಾರು 12,000 ಜನ ಕೆಲಸ ಕಳಕೊಂಡರು. ಹಕ್ಕು ಕೇಳಿದ್ದಕ್ಕೆ ಅನ್ನವೇ ಹೋಯಿತು.

ಕಾರ್ಮಿಕರು ಕೈಕಟ್ಟಿ ಕೂರಲಿಲ್ಲ. 1969ರ ಫೆಬ್ರವರಿಯಲ್ಲಿ ಸರ್ಕಾರದ ಸಾಲದ ನೆರವಿನಿಂದ ಕೇರಳ ದಿನೇಶ್ ಬೀಡಿ ಸಹಕಾರಿ ಸಂಘ ಶುರುವಾಯಿತು. ಲೆಕ್ಕ ಸರಳ: ಎಲೆ, ತಂಬಾಕು ಖರೀದಿ ಮತ್ತು ಬೀಡಿ ಮಾರಾಟ ಕೇಂದ್ರ ಸಂಘದ್ದು, ಕಟ್ಟುವ ಕೆಲಸ ಊರೂರಿನ ಪ್ರಾಥಮಿಕ ಸಂಘಗಳದ್ದು. ಮಧ್ಯೆ ಕಂಟ್ರಾಕ್ಟರ್ ಇಲ್ಲ. ಪ್ರಾಥಮಿಕ ಸಂಘದ ಆಡಳಿತ ಮಂಡಳಿಯನ್ನು ಕಾರ್ಮಿಕರೇ ಆರಿಸುತ್ತಿದ್ದರು. ಪಿ.ಎಫ್., ಬೋನಸ್, ಗ್ರಾಚ್ಯುಟಿ, ಸಂಬಳ ಸಮೇತ ರಜೆ ಕೊಟ್ಟೂ ವ್ಯಾಪಾರ ನಡೆಯಿತು. ಕಾನೂನು ಪಾಲಿಸಿದರೆ ಬೀಡಿ ಉದ್ಯಮ ಮುಳುಗುತ್ತದೆ ಅನ್ನುವ ಮಾತಿಗೆ ಇದೇ ಉತ್ತರ ಆಯಿತು. ಉಚ್ಛ್ರಾಯ ಕಾಲದಲ್ಲಿ 40,000ಕ್ಕೂ ಹೆಚ್ಚು ಜನ ಅಲ್ಲಿ ದುಡಿದರು. ಬೀಡಿ ಸೇದುವವರು ಕಡಿಮೆಯಾದ ಮೇಲೆ ಸಂಘ ಕೊಡೆ, ಆಹಾರ ಪದಾರ್ಥಗಳ ಕಡೆಗೂ ತಿರುಗಿತು.

ಅತ್ತ ಬೀಡಿ ಮಾಲೀಕರು ಕಾಯ್ದೆಯನ್ನೇ ಪ್ರಶ್ನಿಸಿ ಕೋರ್ಟಿಗೆ ಹೋದರು. 1974ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. 1985ರಲ್ಲಿ ಇನ್ನೊಂದು ತೀರ್ಪು ಬಂದು, ಮನೆಯಲ್ಲಿ ಬೀಡಿ ಕಟ್ಟುವವರಿಗೂ ಪಿ.ಎಫ್. ಕೊಡಲೇಬೇಕು ಅಂತ ಆಯಿತು.

ಕಾಗದದಲ್ಲಿ ಹಕ್ಕು ಇದ್ದರೂ ಪುಸ್ತಕದಲ್ಲಿ ಹೆಸರು ಇಲ್ಲದಿದ್ದರೆ ಏನೂ ಸಿಗುವುದಿಲ್ಲ. ನನ್ನ ಉಮ್ಮ ಹಲವು ವರ್ಷ ಬೀಡಿ ಕಟ್ಟಿದ್ದು ಬೇರೊಬ್ಬರ ಕಾರ್ಡಿನಲ್ಲಿ. ಬೆನ್ನುನೋವು ಉಮ್ಮನಿಗೆ, ಪಿ.ಎಫ್. ಇನ್ನೊಬ್ಬರ ಹೆಸರಿಗೆ. ಹೊಸ ಕಾರ್ಡ್ ಕೇಳಿದಾಗಲೆಲ್ಲ ಬ್ರಾಂಚಿನವರು "ಮುಂದಿನ ತಿಂಗಳು ನೋಡುವ" ಅನ್ನುತ್ತಿದ್ದರಂತೆ. ಕೇಳಲು ಉಮ್ಮ ಒಬ್ಬರೇ ಹೋಗುತ್ತಿದ್ದರು. ಕಣ್ಣೂರಿನವರು ಒಟ್ಟಾಗಿ ಹೋಗಿದ್ದರು.

ನಿಮ್ಮ ಮನೆಯಲ್ಲಿ ಬೀಡಿ ಕಟ್ಟಿದವರಿದ್ದರೆ ಇವತ್ತೇ ಅವರ ಕಾರ್ಡ್ ತೆಗೆದು ನೋಡಿ. ಹೆಸರು, ಹುಟ್ಟಿದ ತಾರೀಕು ಆಧಾರ್ ಜೊತೆ ತಾಳೆ ಆಗುತ್ತದಾ, ಪಿ.ಎಫ್. ನಂಬರ್ ಇದೆಯಾ ಪರಿಶೀಲಿಸಿ. 10 ವರ್ಷ ಪಿಂಚಣಿ ಯೋಜನೆಯಲ್ಲಿದ್ದವರಿಗೆ 58 ತುಂಬಿದ ಮೇಲೆ ತಿಂಗಳ ಪಿಂಚಣಿಗೆ ಹಕ್ಕಿದೆ. ಪಿ.ಎಫ್. ಕಚೇರಿಗೆ ಹೋಗುವುದಾದರೆ ಉಮ್ಮನನ್ನು ಒಬ್ಬರೇ ಕಳಿಸಬೇಡಿ. ನೆರೆಮನೆಯ ನಾಲ್ಕು ಉಮ್ಮಂದಿರನ್ನೂ ಜೊತೆಗೆ ಕರಕೊಂಡು ನೀವೇ ಹೋಗಿ.