ಸುಂಗ್ ಯುಗದ ಚೀನದಲ್ಲಿ ಪ್ರವಾಸಿಗಳ ಭೋಜನ

ಪ್ರಾಂತೀಯ ಪಾಕಪದ್ಧತಿಗಳನ್ನು ಕುರಿತು ಬರೆಯುವವರು ನೆಲ, ಮಳೆ, ಬೆಳೆಗಳ ವಿಚಾರದಿಂದ ಆರಂಭಿಸುವುದು ವಾಡಿಕೆ. ಚೀನದ ವಿಷಯದಲ್ಲಿ ಈ ಕ್ರಮಕ್ಕೆ ಸಾಕಷ್ಟು ಆಧಾರವೂ ಉಂಟು. ಚಿನ್‌ಲಿಂಗ್ ಪರ್ವತಶ್ರೇಣಿ ಮತ್ತು ಹುವಾಯ್ ನದಿಗಳ ಉತ್ತರಕ್ಕೆ ನವಣೆ, ಗೋಧಿಗಳೂ ದಕ್ಷಿಣಕ್ಕೆ ಬತ್ತವೂ ಪ್ರಾಚೀನ ಕಾಲದಿಂದ ಪ್ರಧಾನ ಬೆಳೆಗಳಾಗಿವೆ. ಆದರೆ ತನ್ನ ಊರಿನಲ್ಲಿಯೇ ಉಣ್ಣುವವನಿಗೆ ತನ್ನ ಆಹಾರವು ಬರಿಯ ಊಟ. ಅದು ‘ದಕ್ಷಿಣದ ಊಟ’ವೆನಿಸಿಕೊಳ್ಳುವುದು ಅವನು ಉತ್ತರಕ್ಕೆ ಪ್ರಯಾಣ ಮಾಡಿದಾಗ. ಸುಂಗ್ ರಾಜವಂಶದ (960–1279) ಕಾಲದ ನಗರವರ್ಣನೆಗಳು ಈ ಮಾತಿಗೆ ಸ್ಪಷ್ಟವಾದ ನಿದರ್ಶನವನ್ನು ಒದಗಿಸುತ್ತವೆ. ಅವುಗಳ ಆಧಾರದ ಮೇಲೆ, ಪ್ರಾಂತೀಯ ಪಾಕಗಳ ವಿಂಗಡಣೆಯಲ್ಲಿ ಪ್ರವಾಸಿಯ ಪಾತ್ರವೇನೆಂಬುದನ್ನು ನಾವಿಲ್ಲಿ ಪರಿಶೀಲಿಸುತ್ತೇವೆ.

ಉತ್ತರ ಸುಂಗ್ ಅರಸರ ರಾಜಧಾನಿ ಕೈಫೆಂಗ್. ದಕ್ಷಿಣದ ಅಕ್ಕಿಯು ಬಿಯೆನ್ ಕಾಲುವೆಯ ಮೂಲಕ ದೋಣಿಗಳಲ್ಲಿ ಈ ನಗರಕ್ಕೆ ಬರುತ್ತಿದ್ದಿತು. ಅದರೊಡನೆಯೇ ವರ್ತಕರು, ಅಧಿಕಾರಿಗಳು, ರಾಜ್ಯದ ಪರೀಕ್ಷೆಗಳಿಗೆ ಕುಳಿತುಕೊಳ್ಳುವ ವಿದ್ಯಾರ್ಥಿಗಳು ಎಲ್ಲ ಪ್ರಾಂತಗಳಿಂದಲೂ ಬರುತ್ತಿದ್ದರು. 1103ರಿಂದ ನಗರದ ಪತನದವರೆಗೆ ಅಲ್ಲಿ ಬಾಳಿದ ಮೆಂಗ್ ಯುವಾನ್‌ಲಾವ್ ಎಂಬಾತನು ತರುವಾಯ ದಕ್ಷಿಣಕ್ಕೆ ವಲಸೆ ಹೋಗಿ, ತನ್ನ ನೆನಪುಗಳನ್ನು ಗ್ರಂಥರೂಪಕ್ಕೆ ತಂದು, 1147ರಲ್ಲಿ ಅದಕ್ಕೆ ಮುನ್ನುಡಿ ಬರೆದನು. ನಗರದಲ್ಲಿ 72 ದೊಡ್ಡ ಪಾನಗೃಹಗಳಿದ್ದುವೆಂದು ಅವನು ಹೇಳುತ್ತಾನೆ. ಸಾಮಾನ್ಯ ಭೋಜನಗೃಹಗಳಲ್ಲದೆ, ಮಾಂಸ ಸೇರಿಸಿದ ಶಾವಿಗೆಯನ್ನು ಮಾರುವ ಸ್ಸುಚುವಾನ್ ಅಂಗಡಿಗಳನ್ನೂ, ಹುರಿದ ಮೀನಿನೊಡನೆ ಅನ್ನವನ್ನು ಬಡಿಸುವ ದಕ್ಷಿಣದ ಅಂಗಡಿಗಳನ್ನೂ ಅವನು ಬೇರೆಬೇರೆಯಾಗಿ ಹೆಸರಿಸಿದ್ದಾನೆ. ಇವು ಹುಟ್ಟಿದುದಕ್ಕೆ ಕಾರಣವನ್ನು ಮುಂದಿನ ಗ್ರಂಥಕಾರರು ಬಿಚ್ಚಿಹೇಳಿದ್ದಾರೆ: ಉತ್ತರದ ಆಹಾರವು ದಕ್ಷಿಣದಿಂದ ಬಂದವರಿಗೆ ಒಗ್ಗುತ್ತಿರಲಿಲ್ಲ.

ಪರಸ್ಥಳದ ಆಹಾರವು ಒಗ್ಗದಿರುವುದು ಕ್ಷುಲ್ಲಕವಾದ ಸಂಗತಿಯೇನಲ್ಲ. 14ನೆಯ ಶತಮಾನದಲ್ಲಿ ನಮ್ಮ ಹೊನ್ನಾವರದ ಸುಲ್ತಾನನ ಅತಿಥಿಯಾಗಿದ್ದು, ಆ ಬಳಿಕ ಚೀನಕ್ಕೂ ಪ್ರಯಾಣ ಮಾಡಿದುದಾಗಿ ಹೇಳಿಕೊಂಡಿರುವ ಇಬ್ನ್ ಬತೂತನು, ರೊಟ್ಟಿಯ ಮುಖವನ್ನೇ ಕಾಣದೆ ವರ್ಷಗಟ್ಟಲೆ ಅನ್ನವನ್ನುಂಡು, ಕಡೆಗೆ ನೀರಿನ ಸಹಾಯವಿಲ್ಲದೆ ಅದನ್ನು ನುಂಗಲಾರದೆ ಹೋದೆನೆಂದು ಬರೆದಿದ್ದಾನೆ. ಕೈಫೆಂಗಿಗೆ ಬಂದ ದಕ್ಷಿಣದವನ ಕಷ್ಟವು ಇದಕ್ಕೆ ವಿಪರ್ಯಯವಾದುದು.

ಭೋಜನಗೃಹಗಳ ನಡವಳಿಕೆಯೂ ಗಮನಾರ್ಹವಾಗಿದೆ. ಗಿರಾಕಿಗಳು ಒಬ್ಬೊಬ್ಬರೂ ಒಂದೊಂದು ಬಗೆಯಾಗಿ, ಬಿಸಿಯದನ್ನು, ತಣ್ಣನೆಯದನ್ನು, ಕೊಬ್ಬುಳ್ಳದ್ದನ್ನು ಕೇಳುತ್ತಿದ್ದರು. ಪರಿಚಾರಕನು ಅವೆಲ್ಲವನ್ನೂ ನೆನಪಿನಲ್ಲಿಟ್ಟುಕೊಂಡು ಅಡುಗೆಯವರಿಗೆ ಕೂಗಿ ಹೇಳುತ್ತಿದ್ದನು. ಎಡಗೈಯಲ್ಲಿ ಮೂರು ಬಟ್ಟಲುಗಳನ್ನೂ, ಬಲಗೈಯ ಮೇಲೆ ಅಂಗೈಯಿಂದ ಹೆಗಲವರೆಗೆ ಸುಮಾರು 20 ಬಟ್ಟಲುಗಳನ್ನೂ ಹೊತ್ತು ತಂದು ತಪ್ಪಿಲ್ಲದೆ ಹಂಚುತ್ತಿದ್ದನು. ತಪ್ಪಿದಲ್ಲಿ ಬೈಗುಳ, ಸಂಬಳದಲ್ಲಿ ಕಡಿತ, ಕೆಲವೊಮ್ಮೆ ಕೆಲಸದಿಂದಲೇ ವಜಾ. ಹಿಂದೆ ಚಮಚದಿಂದ ಉಣ್ಣುತ್ತಿದ್ದವರು ತನ್ನ ಕಾಲಕ್ಕೆ ಊಟದ ಕಡ್ಡಿಗಳನ್ನೇ ಹಿಡಿದರೆಂದೂ ಮೆಂಗ್ ತಿಳಿಸುತ್ತಾನೆ. ಚಿರಂತನವೆಂದು ನಾವು ಭಾವಿಸುವ ಪದ್ಧತಿಗಳಿಗೂ ಒಂದು ಚರಿತ್ರೆಯುಂಟೆಂಬುದು ಇದರಿಂದ ವಿದಿತವಾಗುತ್ತದೆ.

1127ರಲ್ಲಿ ಜುರ್ಚೆನ್ನರು ಕೈಫೆಂಗನ್ನು ಸೂರೆಮಾಡಿ, ಹಿರಿಯ ಹಾಗೂ ಕಿರಿಯ ಚಕ್ರವರ್ತಿಗಳಿಬ್ಬರನ್ನೂ ಸೆರೆಯೊಯ್ದರು. ಅಳಿದುಳಿದ ಆಸ್ಥಾನವು ದಕ್ಷಿಣಕ್ಕೆ ಸರಿದು, 1138ರಲ್ಲಿ ಹಾಂಗ್‌ಚೌ ನಗರವನ್ನು ತನ್ನ ನೆಲೆಯಾಗಿ ಮಾಡಿಕೊಂಡಿತು. ಅದನ್ನು ರಾಜಧಾನಿಯೆಂದು ಕರೆಯದೆ ‘ಸಿಂಗ್‌ತ್ಸಾಯ್’, ಅಂದರೆ ಪ್ರಯಾಣದಲ್ಲಿರುವ ಚಕ್ರವರ್ತಿಯ ಬಿಡಾರವೆಂದು ಕರೆದರು. ಮಾರ್ಕೋ ಪೋಲೋ ವರ್ಣಿಸುವ ‘ಕಿನ್ಸಾಯ್’ ಎಂಬ ಹೆಸರು ಇದರದೇ ರೂಪಾಂತರವೆಂದು ವಿದ್ವಾಂಸರ ಅಭಿಪ್ರಾಯ. ಅರಸನೇ ಪ್ರವಾಸಿಯೆನಿಸಿಕೊಂಡ ಆ ನಗರದಲ್ಲಿ ಉತ್ತರದ ನಿರಾಶ್ರಿತರು ತಮ್ಮ ಅಂಗಡಿಗಳನ್ನು ತೆರೆದರು.

ಅವರಲ್ಲಿ ಸುಂಗ್ ಅತ್ತಿಗೆಯೆಂದು ಹೆಸರಾದ ಮುದುಕಿಯ ವೃತ್ತಾಂತವನ್ನು ಚೌ ಮಿ ಎಂಬ ಲೇಖಕನು ದಾಖಲಿಸಿದ್ದಾನೆ. 1179ರಲ್ಲಿ, ಪಟ್ಟವನ್ನು ಬಿಟ್ಟಿದ್ದ ಚಕ್ರವರ್ತಿ ಕಾವ್‌ತ್ಸುಂಗ್ ಪಶ್ಚಿಮ ಸರೋವರದಲ್ಲಿ ವಿಹರಿಸುತ್ತಿದ್ದಾಗ, ಮೀನಿನ ಸಾರು ಮಾರುತ್ತಿದ್ದ ಈಕೆ ತಾನು ಹಳೆಯ ರಾಜಧಾನಿಯವಳೆಂದೂ ಆಸ್ಥಾನವನ್ನು ಹಿಂಬಾಲಿಸಿ ಬಂದವಳೆಂದೂ ಅರಿಕೆಮಾಡಿಕೊಂಡಳು. ಕಾವ್‌ತ್ಸುಂಗನು ಆಕೆಯ ಮುಪ್ಪನ್ನು ಕಂಡು ಮರುಗಿ, ಹೊನ್ನು ಬೆಳ್ಳಿಯ ನಾಣ್ಯಗಳನ್ನೂ ರೇಷ್ಮೆಯನ್ನೂ ಕೊಡಿಸಿದನು. ಅಂದಿನಿಂದ ಜನರು ಆಕೆಯ ಸಾರಿಗೆ ಮುಗಿಬಿದ್ದರು. ಹಿಂತಿರುಗಲಾಗದ ಊರಿನ ನೆನಪು ಅರಸನಿಗೂ ಅಂಗಡಿಯವಳಿಗೂ ಸಮಾನವಾಗಿದ್ದಿತು. ಇಂದು ಆಕೆಯ ಹೆಸರಿನ ಮೀನಿನ ಸಾರು ಹಾಂಗ್‌ಚೌವಿನ ಸ್ಥಳೀಯ ವಿಶೇಷವೆಂದೇ ಪ್ರಸಿದ್ಧವಾಗಿದೆ.

ಹೊಸಬರಿಗೆ ಈ ನಗರವೂ ಸುಲಭವಾಗಿರಲಿಲ್ಲ. 1235ರ ಒಂದು ನಗರವರ್ಣನೆಯಂತೆ, ಪಾನಗೃಹದಲ್ಲಿ ಕುಳಿತೊಡನೆ ನೋಡುವುದಕ್ಕೆಂದೇ ಕೆಲವು ಭಕ್ಷ್ಯಗಳನ್ನು ಮುಂದಿಡುತ್ತಿದ್ದರು. ಎಷ್ಟು ಬೇಕೆಂದು ಕೇಳಿ ತಿಳಿದುಕೊಂಡ ಮೇಲೆ ಅವನ್ನೆತ್ತಿ ಬೇರೆಯವನ್ನು ತರುತ್ತಿದ್ದರು. ರೂಢಿಯರಿಯದವರು ಅವಸರದಿಂದ ಕಡ್ಡಿ ಹಾಕಿ ನಗೆಗೀಡಾಗುತ್ತಿದ್ದರು. ಚಹದ ಅಂಗಡಿಗಳು ಪ್ರಸಿದ್ಧ ಚಿತ್ರಗಳಿಂದಲೂ ಆಯಾ ಋತುವಿನ ಹೂಗಳಿಂದಲೂ ಅಲಂಕೃತವಾಗಿದ್ದುವು.

ನಮ್ಮ ವಿಷಯಕ್ಕೆ ಅತ್ಯಂತ ಮುಖ್ಯವಾದ ಸಾಕ್ಷ್ಯವೂ ಇದೇ ಗ್ರಂಥದಲ್ಲಿದೆ. ಹಾಂಗ್‌ಚೌವಿನಲ್ಲಿಯೂ ‘ದಕ್ಷಿಣದ ಊಟ’ದ ಅಂಗಡಿಗಳೆಂಬ ಹೆಸರು ಉಳಿದಿದ್ದಿತು. ಉತ್ತರದಲ್ಲಿ ದಕ್ಷಿಣದವರಿಗಾಗಿ ಇಟ್ಟ ಆ ಹೆಸರು, ದಕ್ಷಿಣದಲ್ಲಿಯೇ ಇರುವಾಗ ಅಸಂಗತವೆಂದು ಗ್ರಂಥಕಾರನು ಆಕ್ಷೇಪಿಸುತ್ತಾನೆ. ತರುವಾಯದ ವೂ ತ್ಸುಮು ಎಂಬಾತನು ಇನ್ನೂ ಮುಂದೆ ಹೋಗಿ, ಬಹುಕಾಲದಲ್ಲಿ ಜನರಿಗೆ ನೀರು ನೆಲಗಳು ಒಗ್ಗಿ, ಊಟಗಳು ಕಲೆತು, ಉತ್ತರ ದಕ್ಷಿಣಗಳೆಂಬ ಭೇದವೇ ಅಳಿಯಿತೆನ್ನುತ್ತಾನೆ. ಪ್ರಯಾಣದಿಂದ ಹುಟ್ಟಿದ ವಿಂಗಡಣೆಯು, ಪ್ರಯಾಣಿಕರು ನೆಲಸಿಗರಾದೊಡನೆ ಹೀಗೆ ಕರಗಿತು.

ಮುಂದಿನ ಶತಮಾನಗಳಲ್ಲಿ ಹೊಸ ವಿಂಗಡಣೆಗಳು ಹುಟ್ಟಿದುವು. ಇಂದು ಸ್ಸುಚುವಾನಿನ ಹೆಗ್ಗುರುತೆನಿಸಿರುವ ಮೆಣಸಿನಕಾಯಿಯು ಅಮೆರಿಕದ ಮೂಲದ್ದು. ಚೀನೀ ಬರಹಗಳಲ್ಲಿ ಅದು ಕಾಣಿಸಿಕೊಳ್ಳುವುದು 16ನೆಯ ಶತಮಾನದ ಕೊನೆಯಲ್ಲಿ. ಕೈಫೆಂಗಿನ ಸ್ಸುಚುವಾನ್ ಅಂಗಡಿಯವನು ಅದನ್ನು ಕಂಡವನೇ ಅಲ್ಲ. ‘ಎಂಟು ಮಹಾಪಾಕಗಳು’ ಎಂಬ ಪಟ್ಟಿಯು ವ್ಯಾಪಕವಾಗಿ ರೂಢಿಗೆ ಬಂದುದಂತೂ 20ನೆಯ ಶತಮಾನದ ಉತ್ತರಾರ್ಧದಲ್ಲಿ. ಆದುದರಿಂದ ಪ್ರಾಂತೀಯ ಪಾಕವೆಂಬುದನ್ನು ಕೇವಲ ಭೂಗೋಳದ ಫಲವೆಂದು ಎಣಿಸುವುದು ಸಾಧುವಲ್ಲ. ಅದರ ಹೆಸರಿನಲ್ಲಿ ವ್ಯಾಪಾರದ, ಅಧಿಕಾರದ, ಯುದ್ಧದ, ವಲಸೆಯ ಚರಿತ್ರೆ ಅಡಗಿದೆ. ಶಾಸನಗಳನ್ನೂ ರಾಜರ ವಂಶಾವಳಿಗಳನ್ನೂ ಅಭ್ಯಾಸಮಾಡುವ ವಿದ್ಯಾರ್ಥಿಗಳು ಅಂಗಡಿಯ ಹೆಸರುಗಳನ್ನೂ ಅಷ್ಟೇ ಆಸ್ಥೆಯಿಂದ ಓದುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ಮನೆ ಕಳೆದುಕೊಂಡ ಸಾಮಾನ್ಯ ಜನರ ಬಾಳಿಗೆ ಅನೇಕ ವೇಳೆ ಅವುಗಳಲ್ಲಿಯೇ ಸಾಕ್ಷ್ಯ ಉಳಿದಿರುತ್ತದೆ.